ಶೀಲಾ ಬರೆದ ಪುಟ ತಿರುಗಿಸುವ ವಿಧಾನ

ಭದ್ರಾವತಿ ನ್ಯೂ ಟೌನಿನ ಒಂದು ಗೃಹ ಸಹಕಾರ ಸಂಘದವರು ತಮ್ಮ ವಾರ್ಷಿಕೋತ್ಸವಕ್ಕೆ ನನ್ನನ್ನು ಮುಖ್ಯ ಅತಿಥಿಯಾಗಿ ಕರೆದಿದ್ದರು. ಶಿವಮೊಗ್ಗದ ಪತ್ರಿಕೆಯಲ್ಲಿ ವಾರಕ್ಕೊಂದು ನಗೆಬರಹ ಬರೆಯುವವನನ್ನು ಕರೆಯಬೇಕಾದರೆ ಮೊದಲು ಕರೆದ ಇಬ್ಬರು ಮೂವರು ಕೈಕೊಟ್ಟಿರಬೇಕು ಎಂಬುದು ನನಗೂ ಗೊತ್ತಿತ್ತು. ಆದರೂ ಹೋದೆ. ಭಾಷಣವನ್ನು ಕಾಗದದಲ್ಲಿ ಬರೆದಿದ್ದೆ. ಕಾಗದ ಹಿಡಿದರೆ ವಯಸ್ಸಾದವನಂತೆ ಕಾಣುತ್ತೇನೆ ಅನ್ನಿಸಿ ಅದನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿಕೊಂಡಿದ್ದೆ.

ವೇದಿಕೆ ಹತ್ತಿ ಫೋನ್ ತೆರೆದರೆ ಪುಟ ಅಡ್ಡಲಾಗಿ ಬಿದ್ದುಕೊಂಡಿತ್ತು. ಫೋನನ್ನು ತಿರುಗಿಸಿದೆ. ಪುಟವೂ ಜೊತೆಯಲ್ಲೇ ತಿರುಗಿ ಮತ್ತೆ ಅಡ್ಡವಾಯಿತು. ಇನ್ನೊಂದು ಕಡೆಗೆ ತಿರುಗಿಸಿದೆ. ಅದೂ ಬಿಡಲಿಲ್ಲ. ಕತ್ತನ್ನು ಬಲಕ್ಕೆ ವಾಲಿಸಿ ಎರಡು ಸಾಲು ಓದಿದೆ, ಕತ್ತು ಹಿಡಿದುಕೊಂಡಿತು. ಕೊನೆಗೆ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ನಾನೇ ಮೇಜಿನ ಪಕ್ಕಕ್ಕೆ ಹೋಗಿ ನಿಂತೆ. ಅಕ್ಷರಗಳೆಲ್ಲ ನೆಟ್ಟಗೆ ಕಂಡವು. ನಾನು ಮಾತ್ರ ಸಭೆಯನ್ನು ಬಿಟ್ಟು ವೇದಿಕೆಯ ಪಕ್ಕದ ನೀಲಿ ಪರದೆಗೆ "ಮಾನ್ಯರೇ" ಎನ್ನುತ್ತಿದ್ದೆ.

"ಸ್ವಾಮೀ, ನಾವು ಈ ಕಡೆ ಇದೀವಿ!" ಎಂದು ಮುಂದಿನ ಸಾಲಿನಿಂದ ಒಬ್ಬರು ಕೂಗಿದರು. ಕೂಗಿದವರು ಸಂಘದ ಮಾಜಿ ಕಾರ್ಯದರ್ಶಿ ಬಂಗಾರಪ್ಪನವರು, ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದವರು ಎಂದು ಆಮೇಲೆ ತಿಳಿಯಿತು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇಷ್ಟು ವರ್ಷ ಬರೆದೂ ನಾನು ಅಂಥ ನಗು ತರಿಸಿದ್ದಿಲ್ಲ.

ಆಗ ನಾಲ್ಕನೆಯ ಸಾಲಿನಿಂದ ಹಸಿರು ಸೀರೆಯ ಒಬ್ಬ ಹೆಂಗಸು ಎದ್ದು ಬಂದರು. ಮುಖದಲ್ಲಿ ನಗುವಿರಲಿಲ್ಲ, ಮರುಕವೂ ಇರಲಿಲ್ಲ. ಕೆಟ್ಟ ಮಿಕ್ಸಿ ನೋಡಲು ಬಂದವರ ಮುಖ. ನನ್ನ ಫೋನ್ ತೆಗೆದುಕೊಂಡು ಎರಡು ಕಡೆ ಒತ್ತಿ ಕೊಟ್ಟರು. ಪುಟ ಎದ್ದು ನಿಂತಿತ್ತು.

"ಫೋನ್ ತಿರುಗಿಸಿದ್ರೆ ಆಗಲ್ಲ ಸರ್. ಪುಟಾನೇ ತಿರುಗಿಸಬೇಕು," ಎಂದಷ್ಟೇ ಹೇಳಿ ಹೋಗಿ ಕೂತರು.

ಅವರೇ ಶೀಲಾ. ಸಭೆ ಮುಗಿದು ಮಂಡಕ್ಕಿ, ಕಾಫಿ ಕೊಡುವಾಗ ನಾನಾಗಿಯೇ ಹೋಗಿ ಮಾತಾಡಿಸಿದೆ. ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

"ಅದೇ ನನ್ನ ಕೆಲಸ ಸರ್."

"ಪುಟ ತಿರುಗಿಸೋದಾ?"

"ತಿರುಗಿಸೋದಲ್ಲ. ತಿರುಗಿಸೋದು ಹೇಗೆ ಅಂತ ಬರೆಯೋದು."

"ಯಾರಿಗೆ?"

"ಮನುಷ್ಯರಿಗಲ್ಲ ಬಿಡಿ," ಎಂದು ಅವರು ಮಂಡಕ್ಕಿ ತಿನ್ನತೊಡಗಿದರು.

ವಿಷಯ ಹೀಗಿತ್ತು. ಈಗ ಎಐ ಏಜೆಂಟ್ ಎಂಬುದು ಬಂದಿದೆಯಲ್ಲ, ಹೇಳಿದ ಕೆಲಸವನ್ನು ತಾನೇ ಯೋಚಿಸಿ ಮಾಡುವ ಕಂಪ್ಯೂಟರಿನೊಳಗಿನ ಗುಮಾಸ್ತ, ಅದರ ಕೈಗೆ ಸಣ್ಣ ಸಣ್ಣ ಉಪಕರಣಗಳನ್ನು ಕೊಡುತ್ತಾರೆ. ಅಡ್ಡಲಾಗಿಯೋ ತಲೆಕೆಳಗಾಗಿಯೋ ಸ್ಕ್ಯಾನ್ ಆದ ಪುಟವನ್ನು ನೆಟ್ಟಗೆ ತಿರುಗಿಸುವುದು ಅಂಥದ್ದೊಂದು ಉಪಕರಣ. ಅದನ್ನು ಯಾವಾಗ ಬಳಸಬೇಕು, ಯಾವಾಗ ಮುಟ್ಟಬಾರದು, ಎಷ್ಟು ತಿರುಗಿಸಬೇಕು ಎಂದು ಏಜೆಂಟ್‌ಗೆ ಅರ್ಥವಾಗುವ ಹಾಗೆ ಯಾರಾದರೂ ಬರೆದಿಡಬೇಕು. ಗಾಂಧಿ ಬಜಾರಿನ ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಮುರಳಿ ಎಂಬ ಯುವಕ ಇಂಥ ಉಪಕರಣ ಮಾಡುವ ಪುಟ್ಟ ಕಂಪನಿ ನಡೆಸುತ್ತಾನೆ. ಶೀಲಾ ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು ಅಲ್ಲಿ ಇದನ್ನು ಬರೆಯುತ್ತಾರೆ.

ಅವರು ಅದಕ್ಕೂ ಮೊದಲು ಮಾಡುತ್ತಿದ್ದದ್ದೂ ಬರೆಯುವ ಕೆಲಸವೇ. ಶಿವಮೊಗ್ಗದಲ್ಲಿ ಅಡಿಕೆ ಸುಲಿಯುವ ಯಂತ್ರ ತಯಾರಿಸುವ ವರ್ಕ್‌ಶಾಪಿಗೆ ಲೆಕ್ಕ ಬರೆಯಲು ಸೇರಿದವರು. ಒಂದು ದಿನ ಮಾಲೀಕರು, "ಶೀಲಾ, ಯಂತ್ರದ ಜೊತೆ ಒಂದು ಚೀಟಿ ಕೊಡಬೇಕಂತೆ, ಏನಾದ್ರೂ ಬರಿಯಮ್ಮ," ಎಂದರು. ಅಲ್ಲಿಂದ ಬಳಕೆಯ ಕೈಪಿಡಿ ಬರೆಯುವುದೇ ಅವರ ಉದ್ಯೋಗವಾಯಿತು. 'ಯಂತ್ರ ಓಡುತ್ತಿರುವಾಗ ಕೈ ಹಾಕಬಾರದು.' 'ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬಾರದು.' ಬಹಳ ಮನಸ್ಸಿಟ್ಟು ಬರೆದರು. ಒಬ್ಬರೂ ಓದಲಿಲ್ಲ. ಯಂತ್ರ ಕೊಂಡವರ ಮನೆಗೆ ಯಾವುದಾದರೂ ಕೆಲಸಕ್ಕೆ ಹೋದರೆ ತಮ್ಮ ಕೈಪಿಡಿ ಟಿ.ವಿ. ಸ್ಟ್ಯಾಂಡಿನ ಕುಂಟು ಕಾಲಿನ ಕೆಳಗೆ ಮಡಚಿಕೊಂಡು ಕೂತಿರುತ್ತಿತ್ತು.

ಒಮ್ಮೆ ಪರೀಕ್ಷೆ ಮಾಡೋಣವೆಂದು ಮಾಲೀಕರ ಒಪ್ಪಿಗೆ ಪಡೆದು ಕೊನೆಯ ಪುಟದಲ್ಲಿ ಒಂದು ಸಾಲು ಸೇರಿಸಿದರಂತೆ: 'ಇಲ್ಲಿಯವರೆಗೆ ಓದಿದವರು ಈ ಕೆಳಗಿನ ನಂಬರಿಗೆ ಫೋನ್ ಮಾಡಿದರೆ ಒಂದು ಬ್ಲೇಡ್ ಉಚಿತ.'

"ಯಾರಾದ್ರೂ ಮಾಡಿದ್ರಾ?" ಎಂದೆ.

"ಒಬ್ರು ಮಾಡಿದ್ರು ಸರ್. ಯಂತ್ರ ಆನ್ ಮಾಡೋದು ಹೇಗೆ ಅಂತ ಕೇಳಿದ್ರು."

ಮಾಲೀಕರಿಗೆ ವಯಸ್ಸಾಗಿ ವರ್ಕ್‌ಶಾಪ್ ಮುಚ್ಚಿದ ಮೇಲೆ ಶೀಲಾ ಮುರಳಿಯ ಮಹಡಿ ಹತ್ತಿದರು. ಮೊದಲ ದಿನ ಬರೆದದ್ದನ್ನು ಮುರಳಿ ಏಜೆಂಟ್‌ಗೆ ಕೊಟ್ಟ. ಅದು ಆರಂಭದಿಂದ ಕೊನೆಯವರೆಗೆ ಓದಿತು. ಓದಿದ್ದಷ್ಟೇ ಅಲ್ಲ, ಬರೆದ ಹಾಗೇ ಮಾಡಿತು. ಶೀಲಾಗೆ ಆ ಮಧ್ಯಾಹ್ನ ಡಬ್ಬಿಯ ಊಟ ಸೇರಲಿಲ್ಲವಂತೆ.

"ನಾನು ಬರೆದಿದ್ದನ್ನ ಕೊನೇ ತನಕ ಓದಿದ ಮೊದಲನೇ ಜೀವ ಸರ್ ಅದು. ಜೀವ ಅನ್ನಬಹುದೋ ಇಲ್ವೋ, ಗೊತ್ತಿಲ್ಲ."

ನನ್ನ ಅಂಕಣವನ್ನು ನನ್ನ ಹೆಂಡತಿ ಶೀರ್ಷಿಕೆಯವರೆಗೆ ಓದುತ್ತಾಳೆ. ಅಂಥ ಓದುಗ ಸಿಕ್ಕ ಶೀಲಾ ಮೇಲೆ ನನಗೆ ಹೊಟ್ಟೆಕಿಚ್ಚಾಗಿದ್ದು ಸುಳ್ಳಲ್ಲ.

ಆದರೆ ಆ ಓದುಗನನ್ನು ಉಳಿಸಿಕೊಳ್ಳುವುದೇ ಆಗ ಕಷ್ಟವಾಗಿತ್ತು. ಮುರಳಿಗೆ ಒಂದು ಯೋಚನೆ ಬಂದಿತ್ತು. ಏಜೆಂಟ್‌ಗೆ ಬೇಕಾದ ಸೂಚನೆಯನ್ನು ಎಐ ಕೈಯಲ್ಲೇ ಬರೆಸಿದರೆ ಮುಗಿಯಿತಲ್ಲ, ಒಬ್ಬ ಬರಹಗಾರ್ತಿ ಯಾಕೆ? ಬರೆಸಿಯೂ ನೋಡಿದ. ಶೀಲಾ ತಿಂಗಳುಗಟ್ಟಲೆ ತಿದ್ದಿ ತಿದ್ದಿ ಬರೆದದ್ದನ್ನು ಅದು ಅವನು ಟೀ ಕುಡಿಯುವಷ್ಟರಲ್ಲಿ ಬರೆಯಿತು, ಮೇಲೆ ನೋಡಲು ಇನ್ನೂ ಚೆಂದ. ಮುರಳಿ ಕೆಟ್ಟವನಲ್ಲ, ಅವರನ್ನು ಅಕ್ಕ ಎಂದೇ ಕರೆಯುತ್ತಾನೆ. "ಅಕ್ಕ, ಬೇಜಾರು ಮಾಡ್ಕೋಬೇಡಿ. ನಿಮ್ಮ ನ್ಯೂ ಟೌನಿನ ಸಂಘದವರು ಹಳೇ ಕಾಗದ ಪತ್ರ ಎಲ್ಲ ಸ್ಕ್ಯಾನ್ ಮಾಡಿಸಿ ಇಟ್ಟಿದಾರೆ, ಅರ್ಧಕ್ಕರ್ಧ ಸೊಟ್ಟಗಿದೆ. ಭಾನುವಾರ ಅವರ ಎದುರೇ ಎರಡನ್ನೂ ಓಡಿಸೋಣ. ಯಾವುದನ್ನ ಅವರು ಒಪ್ತಾರೋ ಅದು ಉಳೀಲಿ," ಎಂದಿದ್ದ.

ಅಂದರೆ ಶೀಲಾ ಪುಟ ಸೋತರೆ ಶೀಲಾ ಕೆಲಸವೂ ಹೋದ ಹಾಗೆ. ಅವರ ಗಂಡ ಪರಮೇಶ್ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಇದ್ದವನು, ಕರೆದ ದಿನ ಕೆಲಸ, ಕರೆಯದ ದಿನ ಮನೆ. ಇದನ್ನೆಲ್ಲ ಶೀಲಾ ಹೇಳಿದ್ದು ಬಸ್ ಎಷ್ಟು ಹೊತ್ತಿಗೆ ಎಂದು ಹೇಳುವ ದನಿಯಲ್ಲೇ.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಒಂದು ಸಲ ನನಗೆ ತೋರಿಸಿ, ಭಾಷೆ ಸ್ವಲ್ಪ ನೋಡ್ತೀನಿ," ಎಂದೆ. ಎರಡು ದಿನ ಬಿಟ್ಟು ಗಾಂಧಿ ಬಜಾರಿನ ಮಹಡಿ ಹತ್ತಿದೆ. ಕೆಳಗೆ ಮದುವೆ ಜವಳಿ ಗಲಾಟೆ, ಮೇಲೆ ಮೂರು ಕಂಪ್ಯೂಟರು, ಒಂದು ಫ್ಯಾನು. ಶೀಲಾ ತಮ್ಮ ಪುಟವನ್ನು ತೋರಿಸಿದರು. ಕನ್ನಡದಲ್ಲೇ ಇತ್ತು, ಏಜೆಂಟ್‌ಗೆ ಎಲ್ಲ ಭಾಷೆಯೂ ಬರುತ್ತದಂತೆ.

'ಈ ಉಪಕರಣ ಪುಟವನ್ನು ತಿರುಗಿಸುತ್ತದೆ. ಬೇರೇನೂ ಮಾಡುವುದಿಲ್ಲ. ತೊಂಬತ್ತು, ನೂರ ಎಂಬತ್ತು, ಇನ್ನೂರ ಎಪ್ಪತ್ತು ಡಿಗ್ರಿ, ಈ ಮೂರೇ ಅಳತೆ. ಎಲ್ಲವೂ ಗಡಿಯಾರದ ಮುಳ್ಳು ಹೋಗುವ ಕಡೆಗೆ. ಎರಡು ಸಲ ತಿರುಗಿಸಿದರೆ ಎರಡೂ ಸೇರುತ್ತದೆ, ಮೊದಲನೆಯದು ಅಳಿಸಿ ಹೋಗುವುದಿಲ್ಲ. ಮೊದಲು ಪುಟವನ್ನು ನೋಡಿ. ನೆಟ್ಟಗಿದ್ದರೆ ಮುಟ್ಟಬೇಡಿ. ಮೂಲ ಕಡತವನ್ನು ಯಾವ ಕಾರಣಕ್ಕೂ ಬದಲಿಸಬೇಡಿ, ಪ್ರತಿಯನ್ನು ತಿರುಗಿಸಿ.'

"ಯಂತ್ರಕ್ಕೆ ನೀವು, ತಾವು ಅಂತ ಯಾಕೆ?" ಎಂದೆ.

"ಮೊದಲು ಏಕವಚನದಲ್ಲೇ ಬರೆದಿದ್ದೆ. ಮನೇಲಿ ಜೋರಾಗಿ ಓದ್ತಾ ಇದ್ದೆ, ಅತ್ತೆ ಬೈದ್ರು."

ಅತ್ತೆ ಯಲ್ಲಮ್ಮನವರಿಗೆ ಎಐ ಎಂದರೇನೆಂದು ಗೊತ್ತಿಲ್ಲ. ಸೊಸೆ ಯಾರೋ ಹೊಸ ಗುಮಾಸ್ತನಿಗೆ ಕೆಲಸ ಕಲಿಸುತ್ತಿದ್ದಾಳೆ ಎಂದು ತಿಳಿದಿದ್ದಾರೆ. "ಕೆಲಸ ಮಾಡೋರನ್ನ ಹಂಗೆಲ್ಲ ಗದರಬಾರದು ಕಣಮ್ಮ," ಎಂದಿದ್ದರಂತೆ. "ಗೊತ್ತಾಗ್ದೆ ಇದ್ರೆ ಪಾಪ ಏನ್ ಮಾಡ್ತಾನೆ? ಗೊತ್ತಾಗ್ದೆ ಇದ್ದಾಗ ದೊಡ್ಡೋರನ್ನ ಕೇಳು ಅಂತ ಒಂದ್ಮಾತು ಹೇಳು." ಶೀಲಾ ಅದನ್ನೂ ಬರೆದಿದ್ದರು. ಕೊನೆಯ ಸಾಲು ಅದೇ: 'ಯಾವುದು ಮೇಲು ಎಂದು ತಿಳಿಯದಿದ್ದರೆ ಊಹಿಸಬೇಡಿ. ಅಲ್ಲಿರುವ ಹಿರಿಯರನ್ನು ಕೇಳಿ. ಒಂದು ಪುಟಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೆ ಹಚ್ಚಬೇಡಿ.'

ನನಗೆ ಇದೆಲ್ಲ ತೀರ ಸಪ್ಪೆ ಅನ್ನಿಸಿತು. ಸಾಹಿತ್ಯದ ಸ್ಪರ್ಶ ಬೇಕು ಎಂದೆ. ಶೀಲಾ ಜಾಗ ಬಿಟ್ಟು ಎದ್ದರು. ನಾನು ಕೂತು, 'ಪುಟವು ಮಗ್ಗುಲಾಗಿ ಮಲಗಿದ್ದರೆ ಅದನ್ನು ಮೆಲ್ಲನೆ ಎಬ್ಬಿಸಿ' ಎಂದು ಒಂದು ಸಾಲು ಸೇರಿಸಿದೆ. ಓಡಿಸಿ ನೋಡಿದರು. ಏಜೆಂಟ್ ಸ್ವಲ್ಪ ಹೊತ್ತು ಯೋಚಿಸಿ ಉತ್ತರ ಕೊಟ್ಟಿತು: 'ಮೆಲ್ಲನೆ ಎಬ್ಬಿಸುವ ಅಳತೆ ಈ ಉಪಕರಣದಲ್ಲಿ ಇಲ್ಲ. ತಿರುಗಿಸುವುದನ್ನು ನಿಲ್ಲಿಸಿದ್ದೇನೆ.'

ಶೀಲಾ ಆ ಸಾಲನ್ನು ಅಳಿಸಿದರು. "ಕಾಫಿ ತರಿಸ್ಲಾ ಸರ್?" ಎಂದರು. ಸಂಪಾದಕರು ನನ್ನ ಲೇಖನ ತಿರಸ್ಕರಿಸುವಾಗಲೂ ಇಷ್ಟು ಮರ್ಯಾದೆ ತೋರಿಸಿದ್ದಿಲ್ಲ.

ಭಾನುವಾರ ಬೆಳಿಗ್ಗೆ ನಾನೂ ನ್ಯೂ ಟೌನಿಗೆ ಹೋದೆ. ಸಂಘದ ಕಚೇರಿಯಲ್ಲಿ ದೊಡ್ಡ ಟಿ.ವಿ. ಹಚ್ಚಿದ್ದರು. ಎದುರಿಗೆ ಅಧ್ಯಕ್ಷೆ ರಂಜಿನಿ, ಬ್ಯಾಂಕಿನಿಂದ ಸ್ವಯಂ ನಿವೃತ್ತಿ ತೆಗೆದುಕೊಂಡವರು. ಅವರ ಹಿಂದೆ ಒಂದಷ್ಟು ಸದಸ್ಯರು. ಮೂಲೆಯ ಕುರ್ಚಿಯಲ್ಲಿ ಕೈಕಟ್ಟಿಕೊಂಡು ಬಂಗಾರಪ್ಪನವರು. ಅವರನ್ನು ಯಾರೂ ಕರೆದಿರಲಿಲ್ಲವಂತೆ. ಕಾರ್ಯದರ್ಶಿ ಪದವಿ ಬಿಟ್ಟ ಮೇಲೂ ಪ್ರತಿ ಸಭೆಗೆ ಬಂದು, ಪ್ರತಿ ವಿಷಯಕ್ಕೂ ತಕರಾರು ತೆಗೆದು, ಕಾಫಿ ಕುಡಿದು ಹೋಗುವುದು ಅವರ ಪದ್ಧತಿ.

ಮೊದಲು ಎಐ ಬರೆದ ಸೂಚನೆ. ಪತ್ರಗಳು, ರಸೀದಿಗಳು, ಮನೆಯ ನಕ್ಷೆಗಳು ಒಂದೊಂದಾಗಿ ಎದ್ದು ನಿಂತವು. ಎಲ್ಲರೂ ತಲೆದೂಗಿದರು. ಮುರಳಿ ಶೀಲಾ ಕಡೆ ನೋಡಲಿಲ್ಲ. ಆಮೇಲೆ ಸಂಘದ ಹಳೆಯ ನಡಾವಳಿ ಪುಸ್ತಕ ಬಂತು.

ಅದನ್ನು ಬರೆದವರು ಬಂಗಾರಪ್ಪ. ಒಂದು ಕಾಲಕ್ಕೆ ಕಾಗದವೇ ತಯಾರಾಗುತ್ತಿದ್ದ ಊರಿನಲ್ಲಿದ್ದೂ ಅವರಿಗೆ ಕಾಗದ ದಂಡ ಮಾಡುವುದೆಂದರೆ ಆಗದು. ಒಂದು ಸಭೆಗೆ ಒಂದೇ ಪುಟ. ಜಾಗ ಮುಗಿದರೆ ಪುಸ್ತಕ ತಿರುಗಿಸಿ ಎಡ ಅಂಚಿನಲ್ಲಿ, ಅದೂ ಮುಗಿದರೆ ಬಲ ಅಂಚಿನಲ್ಲಿ, ಆಮೇಲೆ ತಲೆಕೆಳಗೆ ಮಾಡಿ ಸಾಲುಗಳ ನಡುವೆ. ಹಳೆಯ ಇನ್‌ಲ್ಯಾಂಡ್ ಪತ್ರದಲ್ಲಿ ನಾವೆಲ್ಲ 'ಉಳಿದಂತೆ ಎಲ್ಲರೂ ಕ್ಷೇಮ' ಎಂದು ಅಂಚಿನಲ್ಲಿ ತುರುಕುತ್ತಿದ್ದೆವಲ್ಲ, ಆ ವಿದ್ಯೆಯನ್ನು ಅವರು ಕೊನೆಯ ಮೆಟ್ಟಿಲಿಗೆ ಒಯ್ದಿದ್ದರು.

ಏಜೆಂಟ್ ಪುಟ ನೋಡಿತು. ಅಂಚಿನ ಅಕ್ಷರ ಅಡ್ಡ ಕಂಡಿತು, ತಿರುಗಿಸಿತು. ಈಗ ನಡುವಿನದು ಅಡ್ಡ. ಮತ್ತೆ ತಿರುಗಿಸಿತು. ಇನ್ನೊಂದು ಅಂಚು ಅಡ್ಡ. ಮತ್ತೆ. ಟಿ.ವಿ.ಯಲ್ಲಿ ಪುಟ ಸೀಲಿಂಗ್ ಫ್ಯಾನಿನಂತೆ ಸುತ್ತತೊಡಗಿತು. ನೋಡುತ್ತಿದ್ದವರ ಕತ್ತುಗಳೂ ಒಟ್ಟಿಗೇ ಸುತ್ತಿದವು. ರಂಜಿನಿ ಕಣ್ಣು ಮುಚ್ಚಿಕೊಂಡು, "ಮುರಳಿ, ನಿಲ್ಸಪ್ಪ, ತಲೆ ಸುತ್ತು ಬರ್ತಿದೆ," ಎಂದರು. ಅದು ನಿಲ್ಲಲೊಲ್ಲದು. ಮುರಳಿ ಎಲ್ಲೆಲ್ಲೋ ಒತ್ತಿ, ಕೊನೆಗೆ ಪ್ಲಗ್ಗನ್ನೇ ಕಿತ್ತ.

ಈಗ ಶೀಲಾ ಸರದಿ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡದ್ದು ಬಿಟ್ಟರೆ ಬೇರೆ ಗಾಬರಿಯ ಗುರುತು ಕಾಣಲಿಲ್ಲ. ಪತ್ರ, ರಸೀದಿ, ನಕ್ಷೆ ಇಲ್ಲಿಯೂ ನೆಟ್ಟಗಾದವು. ನಡಾವಳಿಯ ಮೊದಲ ಪುಟ ಬಂತು. ಟಿ.ವಿ. ಗಪ್ಪನೆ ನಿಂತಿತು. ಪರದೆಯ ಮೇಲೆ ಅಕ್ಷರ ಮೂಡಿತು:

'ಈ ಪುಟದಲ್ಲಿ ಬರಹ ನಾಲ್ಕು ದಿಕ್ಕಿಗಿದೆ. ಯಾವುದು ಮೇಲು ಎಂದು ನನಗೆ ತಿಳಿಯುತ್ತಿಲ್ಲ. ಅಲ್ಲಿರುವ ಹಿರಿಯರು ದಯವಿಟ್ಟು ತಿಳಿಸುವಿರಾ?'

ಮುರಳಿಯ ಮುಖ ಬಾಡಿತು. "ಅಕ್ಕ, ಏನಕ್ಕ ಇದು?" ಎಂದು ಪಿಸುಗುಟ್ಟಿದ. "ಕೇಳಬಾರದು ಅದು! ಕೇಳ್ಕೊಂಡು ಕೂತ್ರೆ ಯಂತ್ರ ಯಾತಕ್ಕೆ?"

ಶೀಲಾ ಬಾಯಿ ತೆರೆಯುವಷ್ಟರಲ್ಲಿ ಮೂಲೆಯ ಕುರ್ಚಿ ಕಿರ್ ಎಂದಿತು. ಬಂಗಾರಪ್ಪನವರು ಎದ್ದು, ಶಾಲು ಸರಿಮಾಡಿಕೊಂಡು, ಟಿ.ವಿ.ಯ ಹತ್ತಿರ ಹೋದರು.

"ಹಿರಿಯರು ಅಂದ್ರೆ ನಾನೇ ಕಣಪ್ಪ. ಕೇಳು, ಹೇಳ್ತೀನಿ. ನೆಟ್ಟಗಿರೋದು ನಿರ್ಣಯ. ಎಡಗಡೆ ಅಂಚಲ್ಲಿರೋದು ಯಾರ್ಯಾರು ವಿರೋಧ ಮಾಡಿದ್ರು ಅಂತ. ಬಲಗಡೆ ಇರೋದು ನಾನು ಅವ್ರಿಗೆ ಕೊಟ್ಟ ಉತ್ತರ."

"ತಲೆಕೆಳಗಿರೋದು?" ಎಂದರು ರಂಜಿನಿ.

"ಅದು ಬೈಗುಳ ತಾಯಿ. ಸಭೇಲಿ ಆಡಿದ್ದನ್ನ ಬರೀದೇ ಬಿಡಂಗಿಲ್ಲ, ನಿಯಮ. ನೆಟ್ಟಗೆ ಬರೆದ್ರೆ ಹೆಂಗಸರು ಮಕ್ಕಳು ಓದ್ತಾರೆ. ಅದಕ್ಕೆ ತಲೆಕೆಳಗೆ."

ಶೀಲಾ ಆ ಉತ್ತರವನ್ನು ಟೈಪ್ ಮಾಡಿದರು. 'ತುಂಬಾ ಧನ್ಯವಾದ. ನಿರ್ಣಯವನ್ನು ನೆಟ್ಟಗಿರಿಸಿದ್ದೇನೆ, ಉಳಿದದ್ದನ್ನು ಹಾಗೇ ಬಿಟ್ಟಿದ್ದೇನೆ' ಎಂದಿತು ಏಜೆಂಟ್. ಮುಂದಿನ ಪುಟ ಬಂತು. ಮತ್ತೆ ನಿಂತಿತು. ಮತ್ತೆ ಕೇಳಿತು, ಅಷ್ಟೇ ವಿನಯದಿಂದ. ಒಂದು ಪುಟದ ಉತ್ತರವನ್ನು ಇನ್ನೊಂದಕ್ಕೆ ಹಚ್ಚಬೇಡಿ ಎಂದು ಬರೆದಿದ್ದರಲ್ಲ.

ಬಂಗಾರಪ್ಪನವರು ಕುರ್ಚಿಯನ್ನು ಟಿ.ವಿ.ಯ ಎದುರಿಗೆ ಎಳೆದುಕೊಂಡರು. "ಇದು ನೀರಿನ ಟ್ಯಾಂಕ್ ಜಗಳದ ಸಭೆ," ಎಂದು ಶುರು ಮಾಡಿದರು. ಯಾರು ಯಾರ ಕೊರಳಪಟ್ಟಿ ಹಿಡಿದರು, ಯಾರು ತಮಿಳಿನಲ್ಲಿ ಬೈದರು, ಅದಕ್ಕೆ ಯಾರು ತೆಲುಗಿನಲ್ಲಿ ಉತ್ತರ ಕೊಟ್ಟರು, ಎರಡೂ ಭಾಷೆ ಬಾರದ ತಾವು ಅದನ್ನು ಕನ್ನಡದಲ್ಲಿ ಹೇಗೆ ದಾಖಲಿಸಿದೆವು, ಎಲ್ಲವೂ ಬಂತು. ಸದಸ್ಯರು ಏಳಲಿಲ್ಲ. ಅಡುಗೆಮನೆಯಲ್ಲಿದ್ದವರಿಗೂ ಫೋನ್ ಹೋಗಿ ಇನ್ನಷ್ಟು ಜನ ಬಂದರು. ತಲೆಕೆಳಗಿನ ಸಾಲುಗಳನ್ನು ಓದಿ ಹೇಳಿ ಎಂದು ಒತ್ತಾಯವಾಯಿತು. ಒಬ್ಬರ ತಂದೆಯ ಬೈಗುಳ ಸಿಕ್ಕಿ ಅವರು ಹೆಮ್ಮೆಯಿಂದ ಫೋಟೋ ತೆಗೆದುಕೊಂಡರು.

"ಸರ್, ಒಂದೇ ಮಾತಲ್ಲಿ ಹೇಳಿ ಸರ್. ಮೇಲೆ, ಇಲ್ಲಾ ಕೆಳಗೆ," ಎಂದು ಮುರಳಿ ಅಂಗಲಾಚಿದ.

"ನೀನು ಸುಮ್ನಿರು ಮಾರಾಯ. ಕೇಳ್ತಿರೋನು ಅವನು," ಎಂದು ಬಂಗಾರಪ್ಪ ಟಿ.ವಿ. ತೋರಿಸಿದರು. "ಎಷ್ಟು ಮರ್ಯಾದೆಯಿಂದ ಕೇಳ್ತಾನೆ ನೋಡು. ಕಾರ್ಖಾನೇಲಿದ್ದಾಗಲೂ ನನ್ನನ್ನ ಯಾರೂ ಹಿಂಗೆ ಕೇಳಿರಲಿಲ್ಲ."

ಹೀಗೆ ಮಧ್ಯಾಹ್ನವಾಯಿತು. ಪುಸ್ತಕದ ಕಾಲು ಭಾಗವೂ ಮುಗಿದಿರಲಿಲ್ಲ. ಮುರಳಿ ತನ್ನ ಲ್ಯಾಪ್‌ಟಾಪ್ ಮಡಚುತ್ತಾ, ಮುಂದಿನ ಸಲ ಕೇಳುವುದನ್ನು ತೆಗೆದು ಹಾಕಿಕೊಂಡು ಬರುತ್ತೇನೆ, ಎಐ ಬರೆದದ್ದನ್ನೇ ಸರಿಮಾಡುತ್ತೇನೆ ಎಂದು ಅಧ್ಯಕ್ಷೆಗೆ ಹೇಳತೊಡಗಿದ. ಶೀಲಾ ಪರದೆಯನ್ನೇ ನೋಡುತ್ತಿದ್ದರು. ಬೆರಳಿಗೆ ಸುತ್ತಿದ ಸೆರಗು ಬಿಗಿಯಾಗಿತ್ತು. ಸಮಾಧಾನ ಹೇಳಲು ನಾನು ಒಂದು ಒಳ್ಳೆಯ ಮಾತು ಹುಡುಕಿದೆ. ಸಿಕ್ಕಲಿಲ್ಲ. ಸಿಕ್ಕಿದ್ದರೂ ಅದು ಏಜೆಂಟ್‌ಗೆ ಅರ್ಥವಾಗದಂಥದ್ದೇ ಆಗಿರುತ್ತಿತ್ತು.

ರಂಜಿನಿ ಕೈಯೆತ್ತಿ ಮುರಳಿಯನ್ನು ತಡೆದರು.

"ತೆಗೀಬೇಡಿ ಮುರಳಿ. ನಮಗೆ ಇದೇ ಬೇಕು."

"ಮೇಡಂ, ಇದು ನಿಧಾನ. ಪ್ರತಿ ಪುಟಕ್ಕೂ ಒಬ್ರು ಕೂತಿರಬೇಕಾಗುತ್ತೆ!"

"ಗೊತ್ತು. ನಾನು ಅಧ್ಯಕ್ಷೆ ಆದಾಗಿನಿಂದ ಬಂಗಾರಪ್ಪನೋರು ಇಷ್ಟು ಹೊತ್ತು ತಕರಾರು ತೆಗೀದೆ ಕೂತಿದ್ದನ್ನ ಇವತ್ತೇ ನೋಡಿದ್ದು," ಎಂದು ದನಿ ತಗ್ಗಿಸಿ, "ಆದಷ್ಟು ನಿಧಾನ ಮಾಡಿ," ಎಂದರು. ಆಮೇಲೆ ಶೀಲಾ ಕಡೆ ತಿರುಗಿ, "ಹಿರಿಯರನ್ನ ಕೇಳಿ ಅಂತ ಬರೆದಿದ್ದು ಯಾರು, ನೀವಾ?" ಎಂದು ಕೇಳಿದರು.

"ನಮ್ಮತ್ತೆ," ಎಂದರು ಶೀಲಾ.

ಟಿ.ವಿ.ಯಲ್ಲಿ ಏಜೆಂಟ್ ಇನ್ನೊಂದು ಪುಟ ಹಿಡಿದು ಕಾಯುತ್ತಿತ್ತು. ಬಂಗಾರಪ್ಪನವರು, "ಊಟ ಮಾಡ್ಕೊಂಡು ಬರ್ತೀನಿ ತಮ್ಮಾ, ಅಲ್ಲೇ ಇರು," ಎಂದು ಅದಕ್ಕೆ ಹೇಳಿ ಹೊರಟರು.

ಅದಾದ ಮೇಲೆ ನನಗೆ ಶೀಲಾ ಸಿಕ್ಕಿದ್ದು ಗಾಂಧಿ ಬಜಾರಿನಲ್ಲಿ, ಮಳೆಗಾಲ ಶುರುವಾದಾಗ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕೊತ್ತಂಬರಿ ಸೊಪ್ಪು. ಸಂಘದ ಕೆಲಸ ಪುಟಪುಟಕ್ಕೂ ಹಿರಿಯರನ್ನು ಕೇಳಿಕೊಂಡೇ ಇನ್ನೂ ನಡೆಯುತ್ತಿದೆ, ಬೇರೆ ಎರಡು ಸಂಘಗಳೂ ಕೇಳಿವೆ, ಮುರಳಿ ತಲೆ ಕೆಡಿಸಿಕೊಂಡು ಓಡಾಡುತ್ತಿದ್ದಾನೆ ಎಂದರು. ನನಗೆ ಬೇಕಾಗಿದ್ದದ್ದು ಒಂದೇ ವಿಷಯ. ಮಳೆಯಲ್ಲಿ ನಿಂತೇ ಕೇಳಿದೆ.

"ಅದಿರಲಿ ಶೀಲಾ, ಕೆಲಸ ಖಾಯಂ ಆಯ್ತಾ?"

ಅವರು ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು.

"ನಂದು ಆರು ತಿಂಗಳಿಗೆ ಸರ್. ಬಂಗಾರಪ್ಪನೋರದ್ದು ಖಾಯಂ."